ಒಂದು ಸೇರು ಹಣ್ಣು ಎಷ್ಟು ತೂಗುತ್ತದೆ?

ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ ಮತ್ತು ಗೌರಿಬಿದನೂರು ತಾಲ್ಲೂಕುಗಳಲ್ಲಿ ದ್ರಾಕ್ಷಿ, ಮಾವು, ಟೊಮೆಟೊ, ಸೀಬೆ, ಪರಂಗಿ, ದಾಳಿಂಬೆ, ನೇರಳೆ, ಹುಣಸೆ ಮುಂತಾದ ಹಣ್ಣುಗಳು ಬೆಳೆಯುವುದು ಸರಿಯಷ್ಟೆ. ಬೆಲೆ ಇಳಿದಾಗ, ಇಲ್ಲವೆ ಕಟಾವಿನ ಹೊತ್ತಿಗೆ ಮಳೆ ಬಿದ್ದು ದ್ರಾಕ್ಷಿ ಕಾಯಿ ಒಡೆದಾಗ, ಮಾರಾಟವಾಗದ ಹಣ್ಣನ್ನು ಜಾಮ್, ಸ್ಕ್ವಾಷ್ ಅಥವಾ ಉಪ್ಪಿನಕಾಯಿ ಮಾಡಿ ಉಳಿಸಿಕೊಳ್ಳುವ ಪ್ರಯತ್ನ ಅನೇಕ ಮನೆಗಳಲ್ಲಿಯೂ ಮಹಿಳಾ ಸ್ವಸಹಾಯ ಸಂಘಗಳಲ್ಲಿಯೂ ನಡೆಯುತ್ತದೆ. 2020ರ ಲಾಕ್‌ಡೌನ್ ಸಮಯದಲ್ಲಿ ಚಿಕ್ಕಬಳ್ಳಾಪುರ ಭಾಗದ ದ್ರಾಕ್ಷಿ ಬೆಳೆಗಾರರು ಕೊಳ್ಳುವವರಿಲ್ಲದೆ ಪಟ್ಟ ಪಾಡನ್ನು ಕಂಡ ಮೇಲೆ ಈ ಕೆಲಸದಲ್ಲಿ ಆಸಕ್ತಿ ಹೆಚ್ಚಿದರೆ ಆಶ್ಚರ್ಯವಿಲ್ಲ. ಆದರೆ ಹೀಗೆ ತಯಾರಿಸಿದ ಪದಾರ್ಥ ಒಮ್ಮೆ ಚೆನ್ನಾಗಿ ಬಂದರೆ ಇನ್ನೊಮ್ಮೆ ಹರಳುಗಟ್ಟುತ್ತದೆ, ಮತ್ತೊಮ್ಮೆ ಹುಳಿತು ನೊರೆ ಬರುತ್ತದೆ. ಕೈಗುಣ ಸರಿಯಿಲ್ಲವೆಂದೋ ಹಣ್ಣು ಸರಿಯಿಲ್ಲವೆಂದೋ ದೂರುವುದುಂಟು. ಬಹುಪಾಲು ಸಂದರ್ಭಗಳಲ್ಲಿ ದೋಷ ಇರುವುದು ಅಳತೆಯಲ್ಲಿ. ಹಣ್ಣನ್ನು ಸೇರಿನಲ್ಲಿ, ಪಾವಿನಲ್ಲಿ, ಪಾತ್ರೆಯಲ್ಲಿ ಅಳೆದು, ಸಕ್ಕರೆಯನ್ನೂ ಅದೇ ಪಾತ್ರೆಯಲ್ಲಿ ಅಳೆದರೆ ಎರಡೂ ಸಮವಾದಂತೆ ಕಣ್ಣಿಗೆ ಕಾಣುತ್ತದೆ. ತೂಕದಲ್ಲಿ ಅವು ಸಮವಾಗಿರುವುದಿಲ್ಲ.

ರಾಗಿಗೆ ಒಗ್ಗಿದ ಅಳತೆ

ನಮ್ಮ ಭಾಗದಲ್ಲಿ ಧಾನ್ಯವನ್ನು ಅಳೆಯುವ ಪದ್ಧತಿ ಬಹಳ ಹಳೆಯದು. ನಾಲ್ಕು ಪಾವಿಗೆ ಒಂದು ಸೇರು, ನೂರು ಸೇರಿಗೆ ಒಂದು ಪಲ್ಲ ಎಂಬ ಲೆಕ್ಕ ಹಿರಿಯರ ನಾಲಗೆಯ ಮೇಲೆ ಇಂದಿಗೂ ಇದೆ. ಈ ಅಳತೆ ಅವೈಜ್ಞಾನಿಕವೆಂದು ತಳ್ಳಿಹಾಕುವುದು ಸರಿಯಲ್ಲ. ರಾಗಿಯ ಕಾಳು ಸಣ್ಣದು, ದುಂಡಗಿನದು, ಒಣಗಿದ್ದು. ಅದನ್ನು ಯಾರು ಸುರಿದರೂ ಪಾತ್ರೆಯಲ್ಲಿ ಹೆಚ್ಚು ಕಡಿಮೆ ಒಂದೇ ಬಗೆಯಾಗಿ ಕೂರುತ್ತದೆ. ಒಂದು ಲೀಟರ್ ರಾಗಿ ಇಂದು ಮುಕ್ಕಾಲು ಕಿಲೊ ಆಸುಪಾಸಿನಲ್ಲಿ ತೂಗಿದರೆ ನಾಳೆಯೂ ಅಷ್ಟೇ ತೂಗುತ್ತದೆ. ಬೇಸಾಯ ಶಾಸ್ತ್ರದಲ್ಲಿ ಧಾನ್ಯದ ಗುಣಮಟ್ಟವನ್ನು ಗುರುತಿಸಲು ನೂರು ಲೀಟರ್ ಕಾಳಿನ ತೂಕವನ್ನು ನೋಡುವ ಕ್ರಮ ಇರುವುದೂ ಈ ಸ್ಥಿರತೆಯಿಂದಲೇ. ಗಟ್ಟಿ ಕಾಳಾದರೆ ತೂಕ ಹೆಚ್ಚು, ಜೊಳ್ಳಾದರೆ ಕಡಿಮೆ.

ಹಣ್ಣಿಗೆ ಈ ಸ್ಥಿರತೆ ಇಲ್ಲ. ಇಡೀ ಹಣ್ಣು, ಹೋಳು, ಹಿಸುಕಿದ ತಿರುಳು, ರಸ ಇವು ನಾಲ್ಕೂ ಒಂದೇ ಹಣ್ಣಿನಿಂದ ಬಂದರೂ ಒಂದು ಸೇರಿನಲ್ಲಿ ನಾಲ್ಕು ಬೇರೆ ಬೇರೆ ತೂಕಗಳನ್ನು ಕೊಡುತ್ತವೆ.

ಇನ್ನು ಸೇರು ಎಂಬ ಮಾತೇ ಗೊಂದಲಕ್ಕೆ ಎಡೆಮಾಡುವಂಥದು. ಅದು ಪಾತ್ರೆಯ ಅಳತೆಯೂ ಹೌದು, ತೂಕದ ಹೆಸರೂ ಹೌದು. ತೂಕದಲ್ಲಿ 24 ರೂಪಾಯಿ ತೂಕದ ಕಚ್ಚಾ ಸೇರು ಸುಮಾರು 280 ಗ್ರಾಂ. 80 ತೊಲದ ಪಕ್ಕಾ ಸೇರು ಸುಮಾರು 933 ಗ್ರಾಂ. 1956ರ ತೂಕ ಮತ್ತು ಅಳತೆಗಳ ಕಾಯಿದೆ ಬಂದು, 1962ರ ಏಪ್ರಿಲ್‌ನಿಂದ ಮೆಟ್ರಿಕ್ ತೂಕಗಳು ಕಡ್ಡಾಯವಾದ ಮೇಲೆ ವ್ಯಾಪಾರದಲ್ಲಿ ಈ ಗೊಂದಲ ನಿವಾರಣೆಯಾಯಿತು. ಆದರೆ ಅಜ್ಜಿ ಹೇಳಿದ “ಸೇರು ಹಣ್ಣಿಗೆ ಅಚ್ಚೇರು ಸಕ್ಕರೆ” ಎಂಬ ಮಾತಿನಲ್ಲಿ ಆ ಸೇರು ಯಾವುದೆಂಬುದು ಅಜ್ಜಿಗೆ ಮಾತ್ರ ಗೊತ್ತಿತ್ತು. ಈ ಲೇಖನದಲ್ಲಿ ಸೇರು ಎಂದರೆ ಒಂದು ಲೀಟರ್ ಹಿಡಿಯುವ ಪಾತ್ರೆ ಎಂದು ತಿಳಿಯತಕ್ಕದ್ದು. ಮನೆಯ ಸೇರು ನಿಜವಾಗಿ ಲೀಟರ್ ಹಿಡಿಯುತ್ತದೆಯೇ ಎಂದು ನೋಡುವುದು ಸುಲಭ. ಖಾಲಿ ಸೇರನ್ನು ತೂಗಿ, ಬಾಯಿಮಟ್ಟಕ್ಕೆ ನೀರು ತುಂಬಿ ಮತ್ತೆ ತೂಗಿರಿ. ನೀರಿನ ತೂಕ ಎಷ್ಟು ಗ್ರಾಮೋ ಪಾತ್ರೆ ಅಷ್ಟು ಮಿಲಿಲೀಟರ್ ಹಿಡಿಯುತ್ತದೆ. ಬಳಸಿ ಬಳಸಿ ತಗ್ಗು ಬಿದ್ದ ಹಳೆಯ ಹಿತ್ತಾಳೆ ಸೇರುಗಳಲ್ಲಿ ವ್ಯತ್ಯಾಸ ಕಂಡುಬಂದರೆ ಗಾಬರಿ ಬೇಡ. ಆ ಅಂಕಿಯನ್ನು ಸೇರಿನ ತಳದಲ್ಲಿ ಬರೆದಿಟ್ಟುಕೊಂಡರೆ ಸಾಕು.

ಸೇರಿನಲ್ಲಿ ಗಾಳಿಯ ಪಾಲು

ಒಂದು ಸೇರು ದ್ರಾಕ್ಷಿ ಬಿಡಿಸಿ ತುಂಬಿರಿ. ಹಣ್ಣು ಹಣ್ಣಿನ ನಡುವೆ ಸಂದು ಉಳಿಯುತ್ತದೆ. ಆ ಸಂದು ತುಂಬುವಂತೆ ಮೇಲಿನಿಂದ ಅಳೆದು ನೀರು ಹಾಕಿದರೆ ಸುಮಾರು 400 ಮಿಲಿಲೀಟರ್ ಹಿಡಿಯುತ್ತದೆ. ಅಂದರೆ ಸೇರಿನ ಹತ್ತು ಪಾಲಿನಲ್ಲಿ ಆರು ಪಾಲು ಹಣ್ಣು, ನಾಲ್ಕು ಪಾಲು ಗಾಳಿ. ಒಂದೇ ಗಾತ್ರದ ದುಂಡು ವಸ್ತುಗಳನ್ನು ಹೇಗೆಂದರೆ ಹಾಗೆ ಸುರಿದಾಗ ಈ ಪ್ರಮಾಣ ಹೆಚ್ಚು ಬದಲಾಗುವುದಿಲ್ಲ. ವಸ್ತು ದೊಡ್ಡದೋ ಚಿಕ್ಕದೋ ಎಂಬುದು ಇಲ್ಲಿ ಮುಖ್ಯವಲ್ಲ. ದೊಡ್ಡ ಬಕೆಟ್ಟಿನಲ್ಲಿ ನಿಂಬೆ ತುಂಬಿದರೂ ಸುಮಾರು ಆರು ಪಾಲೇ ಹಣ್ಣು. ಆದರೆ ಅದೇ ನಿಂಬೆಯನ್ನು ಪಾವಿನಲ್ಲಿ ಅಳೆಯಹೊರಟರೆ ಎರಡೋ ಮೂರೋ ಕೂತು, ಪಾತ್ರೆಯ ಅಂಚಿನ ಸುತ್ತ ಜಾಗವೆಲ್ಲ ಖಾಲಿ ಉಳಿಯುತ್ತದೆ. ಪಾತ್ರೆ ಚಿಕ್ಕದಾಗಿ ಹಣ್ಣು ದೊಡ್ಡದಾದಷ್ಟೂ ಅಳತೆ ಕೆಡುತ್ತದೆ.

ಹೋಳು ಮಾಡಿದಾಗ ಸಂದುಗಳು ಸ್ವಲ್ಪ ಮುಚ್ಚಿಕೊಳ್ಳುತ್ತವೆ, ತೂಕ ಏರುತ್ತದೆ. ಹಿಸುಕಿದರೆ ಗಾಳಿ ಹೊರಟುಹೋಗಿ ತಿರುಳಿನ ತೂಕ ಹೆಚ್ಚು ಕಡಿಮೆ ನೀರಿನ ತೂಕಕ್ಕೆ ಬರುತ್ತದೆ. ಬಾಯಿಮಟ್ಟಕ್ಕೆ ಸವರಿ ಅಳೆದ, ಅದುಮದ ಒಂದು ಲೀಟರಿಗೆ ಅಂದಾಜು ತೂಕಗಳು ಹೀಗಿವೆ:

ಬಿಡಿಸಿದ ಇಡೀ ದ್ರಾಕ್ಷಿ — 640 ಗ್ರಾಂ
ನೇರಳೆ ಹಣ್ಣು — 570 ಗ್ರಾಂ
ಹಿಪ್ಪುನೇರಳೆ ಹಣ್ಣು — 590 ಗ್ರಾಂ
ಮಾವಿನ ಹಣ್ಣಿನ ಹೋಳು — 700 ಗ್ರಾಂ
ಸೀಬೆ ಹೋಳು — 700 ಗ್ರಾಂ
ಪರಂಗಿ ಹೋಳು — 610 ಗ್ರಾಂ
ಹಿಸುಕಿದ ಪರಂಗಿ — 970 ಗ್ರಾಂ
ಹೆಚ್ಚಿದ ಟೊಮೆಟೊ — 760 ಗ್ರಾಂ
ಬಿಡಿಸಿದ ದಾಳಿಂಬೆ ಕಾಳು — 735 ಗ್ರಾಂ
ಸಪೋಟ ತಿರುಳು — 1,020 ಗ್ರಾಂ
ದ್ರಾಕ್ಷಿ ರಸ — 1,070 ಗ್ರಾಂ
ಸಕ್ಕರೆ — 850 ಗ್ರಾಂ
ಪುಡಿ ಉಪ್ಪು — 1,200 ಗ್ರಾಂ

ಈ ಅಂಕಿಗಳನ್ನು ಕಲ್ಲಿನ ಮೇಲೆ ಕೆತ್ತಿದ ಶಾಸನದಂತೆ ಭಾವಿಸಬಾರದು. ಹೋಳಿನ ಗಾತ್ರ, ಹಣ್ಣಿನ ಪಕ್ವತೆ, ತಳಿ ಇವುಗಳಿಗೆ ತಕ್ಕಂತೆ ನೂರಕ್ಕೆ ಹತ್ತರಷ್ಟು ಹೆಚ್ಚು ಕಡಿಮೆಯಾಗಬಹುದು. ಬೆಂಗಳೂರು ನೀಲಿ ದ್ರಾಕ್ಷಿಗೂ ಉದ್ದನೆಯ ದಿಲ್‌ಖುಷ್ ದ್ರಾಕ್ಷಿಗೂ ಪಾತ್ರೆಯಲ್ಲಿ ಕೂರುವ ರೀತಿ ಬೇರೆ. ಗೊಂಚಲು ಸಹಿತ ತುಂಬಿದರಂತೂ ಲೆಕ್ಕವೇ ಸಿಗದು. ಶಿಡ್ಲಘಟ್ಟದ ಕಡೆ ಕಡ್ಡಿ ಕತ್ತರಿಸದೆ ಬಿಟ್ಟ ಹಿಪ್ಪುನೇರಳೆ ಗಿಡಗಳಲ್ಲಿ ಸಿಗುವ ಹಣ್ಣು ಇನ್ನೂ ಮೃದು. ಬೆಳಿಗ್ಗೆ ಸೇರು ತುಂಬ ಇದ್ದದ್ದು ಸಂಜೆಗೆ ತನ್ನ ಭಾರಕ್ಕೇ ಕುಸಿದು ಮುಕ್ಕಾಲು ಸೇರಿಗೆ ಇಳಿದಿರುತ್ತದೆ. ತೂಕ ಮಾತ್ರ ಬಹುಮಟ್ಟಿಗೆ ಹಾಗೆಯೇ ಇರುತ್ತದೆ. (ಹುಳುವಿಗೆ ಸೊಪ್ಪು ಬೆಳೆಯುವ ತೋಟದ ಹಣ್ಣನ್ನು ತಿನ್ನಲು ಬಳಸುವಾಗ ಆ ತೋಟಕ್ಕೆ ಇತ್ತೀಚೆಗೆ ಔಷಧ ಸಿಂಪಡಿಸಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.)

ಸಮ ಸಮ ಎಂಬ ಸೂತ್ರದ ಫಲ

ಈಗ ಜಾಮಿನ ವಿಷಯಕ್ಕೆ ಬರೋಣ. “ಹಣ್ಣಿಗೆ ಸಮ ಸಕ್ಕರೆ” ಎಂಬ ಮಾತನ್ನು ಪಾತ್ರೆಯ ಅಳತೆಯಲ್ಲಿ ಪಾಲಿಸಿದರೆ ಏನಾಗುತ್ತದೆಂದು ಎರಡು ಹಣ್ಣುಗಳಲ್ಲಿ ನೋಡಬಹುದು.

ಹಿಸುಕಿದ ಪರಂಗಿ ಒಂದು ಸೇರು, ಸಕ್ಕರೆ ಒಂದು ಸೇರು. ತೂಕದಲ್ಲಿ ತಿರುಳು 970 ಗ್ರಾಂ, ಸಕ್ಕರೆ 850 ಗ್ರಾಂ. ಸಿಹಿ ತುಸು ಮುಂದಾದರೂ ಜಾಮ್ ಸರಿಯಾಗಿಯೇ ಬರುತ್ತದೆ.

ಬೆಂಗಳೂರು ನೀಲಿ ದ್ರಾಕ್ಷಿ ಒಂದು ಸೇರು, ಸಕ್ಕರೆ ಒಂದು ಸೇರು. ಹಣ್ಣು 640 ಗ್ರಾಂ. ಬೇಯಿಸಿ ಸೋಸಿದಾಗ ಬೀಜ, ಸಿಪ್ಪೆಗೆ 100 ಗ್ರಾಂ ಹೋಯಿತೆಂದು ಇಟ್ಟುಕೊಂಡರೂ ಉಳಿಯುವ ತಿರುಳು 540 ಗ್ರಾಂ. ಅದಕ್ಕೆ ಬಿದ್ದದ್ದು 850 ಗ್ರಾಂ ಸಕ್ಕರೆ! ಇದನ್ನು ಸರಿಯಾದ ಹದಕ್ಕೆ ಕಾಯಿಸಿ ಇಳಿಸಿದರೂ ಸುಮಾರು 1,380 ಗ್ರಾಂ ಜಾಮಿನಲ್ಲಿ ಹಣ್ಣಿನ ಪಾಲು ಶೇಕಡ 39ರಷ್ಟಾಗುತ್ತದೆ. ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2011ರ ನಿಯಮಾವಳಿಯಂತೆ ಸ್ಟ್ರಾಬೆರಿಯಂಥ ಒಂದೆರಡು ಹಣ್ಣುಗಳನ್ನು ಬಿಟ್ಟು ಉಳಿದ ಹಣ್ಣಿನ ಜಾಮಿನಲ್ಲಿ ಹಣ್ಣು ಶೇಕಡ 45ಕ್ಕೆ ಕಡಿಮೆಯಿರಕೂಡದು. ಕರಗಿದ ಒಟ್ಟು ಘನಾಂಶ ಶೇಕಡ 65ಕ್ಕೆ ಕಡಿಮೆಯಿರಕೂಡದು. ಮನೆಯ ಬಳಕೆಗಾದರೆ ಅತಿ ಸಿಹಿಯಾದ, ಕೆಲವು ವಾರಗಳಲ್ಲಿ ಹರಳುಗಟ್ಟುವ ಜಾಮು ಸಿಕ್ಕಿತೆಂದು ಸುಮ್ಮನಾಗಬಹುದು. ಮಾರಾಟಕ್ಕಿಟ್ಟರೆ ಅದು ಜಾಮ್ ಎಂಬ ಹೆಸರಿಗೇ ಅರ್ಹವಲ್ಲ. ಮೇಲಾಗಿ ಅನಗತ್ಯವಾಗಿ ಸುರಿದ ಸಕ್ಕರೆಯ ಹಣವೂ ಸಂಘದ ಲೆಕ್ಕದಿಂದಲೇ ಹೋಗುತ್ತದೆ.

ತೂಕದ ಲೆಕ್ಕದಲ್ಲಿ ಒಂದು ಕಿಲೊ ತಿರುಳಿಗೆ ಮುಕ್ಕಾಲು ಕಿಲೊ ಸಕ್ಕರೆ ಸಾಮಾನ್ಯವಾಗಿ ಸಾಕು. ತೀರ ಹುಳಿ ಹಣ್ಣಾದರೆ ಸಮ ತೂಕದವರೆಗೂ ಹೋಗಬಹುದು. ಮೇಲೆ ಹೇಳಿದ 540 ಗ್ರಾಂ ದ್ರಾಕ್ಷಿ ತಿರುಳಿಗೆ ಬೇಕಾದದ್ದು 405 ಗ್ರಾಂ ಸಕ್ಕರೆ. ಸೇರಿನಲ್ಲಿ ಹೇಳುವುದಾದರೆ ಅಚ್ಚೇರಿಗಿಂತಲೂ ತುಸು ಕಡಿಮೆ. ಅಜ್ಜಿಯ “ಸೇರು ಹಣ್ಣಿಗೆ ಅಚ್ಚೇರು ಸಕ್ಕರೆ” ದ್ರಾಕ್ಷಿಯ ಮಟ್ಟಿಗೆ ಎಷ್ಟು ಸರಿಯಾಗಿತ್ತೆಂಬುದು ಇದರಿಂದ ತಿಳಿಯುತ್ತದೆ. ಅದೇ ಸೂತ್ರವನ್ನು ಪರಂಗಿ ತಿರುಳಿಗೆ ಹಚ್ಚಿದರೆ 970 ಗ್ರಾಂ ತಿರುಳಿಗೆ 425 ಗ್ರಾಂ ಸಕ್ಕರೆ ಮಾತ್ರ ಬೀಳುತ್ತದೆ. ಮಾಮೂಲಿನಷ್ಟು ಹೊತ್ತು ಕಾಯಿಸಿ ಇಳಿಸಿದರೆ ಘನಾಂಶ ಸಾಲದೆ ಬೂಷ್ಟು ಹಿಡಿಯುವುದು ನಿಶ್ಚಯ.

ಹದ ತಿಳಿಯಲು ತಕ್ಕಡಿ

ಜಾಮ್ ಇಳಿಸುವ ಹದವನ್ನು ಉಷ್ಣಮಾಪಕದಿಂದ ನೋಡುವವರಿಗೆ ಒಂದು ಮಾತು. ಪುಸ್ತಕಗಳಲ್ಲಿ 105 ಡಿಗ್ರಿ ಸೆಲ್ಸಿಯಸ್ ಎಂದಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ. ಆದುದರಿಂದ ಜಾಮಿನ ಹದ 102 ಡಿಗ್ರಿಗೇ ಬಂದಿರುತ್ತದೆ. 105 ಬರಲೆಂದು ಕಾಯುತ್ತ ಕುಳಿತರೆ ಪಾಕ ಗಟ್ಟಿಯಾಗಿ ಮಿಠಾಯಿಯಂತಾಗುತ್ತದೆ. ಗೌರಿಬಿದನೂರು ಇದಕ್ಕಿಂತ ತಗ್ಗಿನಲ್ಲಿರುವುದರಿಂದ ಅಲ್ಲಿ ಅಂಕಿ ಸ್ವಲ್ಪ ಬೇರೆ. ಮೊದಲು ನಿಮ್ಮೂರಿನಲ್ಲಿ ನೀರು ಕುದಿಯುವ ಅಂಕಿಯನ್ನು ನೋಡಿಕೊಂಡು ಅದಕ್ಕೆ ಐದು ಸೇರಿಸಿಕೊಳ್ಳಿರಿ.

ತಕ್ಕಡಿಗೆ ಎತ್ತರ ತಗ್ಗಿನ ಭೇದವಿಲ್ಲ. ತೂಕದಿಂದ ಹದ ನೋಡುವುದನ್ನು ತರಬೇತಿಗಳಲ್ಲಿ ಹೇಳಿಕೊಡುವುದುಂಟು: ಹಾಕಿದ ಸಕ್ಕರೆಯ ಒಂದೂವರೆ ಪಟ್ಟು ತೂಕಕ್ಕೆ ಇಳಿದಾಗ ಜಾಮ್ ಆಯಿತೆಂದು. ಈ ಸೂತ್ರ ನನಗೆ ಅಷ್ಟಾಗಿ ಒಪ್ಪಿಗೆಯಿಲ್ಲ. ಅದು ಹಣ್ಣಿನಲ್ಲೇ ಇರುವ ಸಕ್ಕರೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂದು ಕಿಲೊ ದ್ರಾಕ್ಷಿ ತಿರುಳಿನಲ್ಲಿ ಶೇಕಡ 16ರಂತೆ 160 ಗ್ರಾಂ ಘನಾಂಶ ಮೊದಲೇ ಇದೆ. ಅದಕ್ಕೆ 750 ಗ್ರಾಂ ಸಕ್ಕರೆ ಕೂಡಿದರೆ 910 ಗ್ರಾಂ. ಇದು ಜಾಮಿನ ಶೇಕಡ 68 ಆಗಬೇಕಾದರೆ ಒಟ್ಟು ತೂಕ ಸುಮಾರು 1,340 ಗ್ರಾಂ ಇರಬೇಕು. ಒಂದೂವರೆ ಪಟ್ಟಿನ ಸೂತ್ರದಂತೆ 1,125 ಗ್ರಾಮಿಗೆ ಇಳಿಸಿದರೆ ಘನಾಂಶ ಶೇಕಡ 80 ದಾಟಿ ಚಮಚ ನೆಟ್ಟಗೆ ನಿಲ್ಲುತ್ತದೆ. ಪರಂಗಿಯಲ್ಲಿ ಘನಾಂಶ ಶೇಕಡ 10ರ ಸುಮಾರು; ಅದರ ಒಂದು ಕಿಲೊ ತಿರುಳು, 750 ಗ್ರಾಂ ಸಕ್ಕರೆಗೆ 1,250 ಗ್ರಾಂ ಬಂದಾಗ ಇಳಿಸಬಹುದು. ಇದಕ್ಕೆ ಬೇಕಾದ ಸಿದ್ಧತೆ ಒಂದೇ. ಬೇಯಿಸುವ ಮುನ್ನ ಖಾಲಿ ಪಾತ್ರೆಯ ತೂಕವನ್ನು ಸೌಟಿನ ಸಮೇತ ನೋಡಿ ಅಡಿಗೆಮನೆಯ ಗೋಡೆಯ ಮೇಲೆ ಬರೆದಿಡಬೇಕು. ಕಾದ ಪಾತ್ರೆಯನ್ನು ತಕ್ಕಡಿಯ ಮೇಲಿಡುವಾಗ ಕೆಳಗೆ ಮಣೆ ಇಟ್ಟು, ಮಣೆಯ ತೂಕವನ್ನೂ ಕಳೆಯಬೇಕು.

ಉಪ್ಪು, ಹುಣಸೆ

ಉಪ್ಪಿನಕಾಯಿಯಲ್ಲಿ ಮೋಸ ಮಾಡುವುದು ಹೋಳಿಗಿಂತ ಹೆಚ್ಚಾಗಿ ಉಪ್ಪು. ಹಳೆಯ ಅಳತೆಗಳೆಲ್ಲ ಕಲ್ಲುಪ್ಪಿನ ಕಾಲದವು. ಹರಳುಗಳ ನಡುವೆ ಸಂದು ಇರುವುದರಿಂದ ಒಂದು ಸೇರು ಕಲ್ಲುಪ್ಪು ಒಂದು ಕಿಲೊ ಆಸುಪಾಸಿನಲ್ಲಿ ತೂಗುತ್ತದೆ. ಪುಡಿ ಉಪ್ಪು ಅದೇ ಸೇರಿನಲ್ಲಿ 1,200 ಗ್ರಾಂ. ಹಳೆಯ ಅಳತೆಯನ್ನು ಬದಲಿಸದೆ ಪುಡಿ ಉಪ್ಪಿಗೆ ಬಂದವರ ಉಪ್ಪಿನಕಾಯಿ ಬಾಯಿಗಿಡಲಾರದಷ್ಟು ಉಪ್ಪಾಗುವುದು ಇದರಿಂದ. ಅದಕ್ಕೆ ಹೆದರಿ ಕೈ ಬಿಗಿ ಹಿಡಿದರೆ ಕೆಡುತ್ತದೆ. ಉಪ್ಪುನೀರಿನಲ್ಲಿ ಹಾಕಿದ ಉಪ್ಪಿನಕಾಯಿಯಲ್ಲಿ ಉಪ್ಪು ಶೇಕಡ 12ಕ್ಕೆ ಕಡಿಮೆಯಾಗಬಾರದೆಂಬ ನಿಯಮವಿದೆ. ನಿಂಬೆಯನ್ನು ತೂಗಿ, ಕಿಲೊಗೆ 200 ಗ್ರಾಂ ಉಪ್ಪು ತೂಗಿ ಹಾಕುವವರಿಗೆ ಕಲ್ಲುಪ್ಪೋ ಪುಡಿ ಉಪ್ಪೋ ಎಂಬ ಚಿಂತೆಯೇ ಬರುವುದಿಲ್ಲ.

ಹುಣಸೆಯದು ಇನ್ನೊಂದು ಬಗೆ. ನಮ್ಮ ಅಡಿಗೆಮನೆಯಲ್ಲಿ ಹಣ್ಣನ್ನು ಹಣ್ಣಿನಿಂದಲೇ ಅಳೆಯುತ್ತಾರೆ: ನಿಂಬೆ ಗಾತ್ರದ ಹುಣಸೆ, ನೆಲ್ಲಿಕಾಯಿ ಗಾತ್ರದ ಹುಣಸೆ. ದಿನದ ಸಾರಿಗೆ ಇದಕ್ಕಿಂತ ಒಳ್ಳೆಯ ಅಳತೆ ಬೇಕಿಲ್ಲ. ಆದರೆ ಸಂಘದವರು ಪುಳಿಯೋಗರೆ ಗೊಜ್ಜನ್ನು ಹತ್ತಾರು ಕಿಲೊ ಮಾಡುವಾಗ “ನಲವತ್ತು ನಿಂಬೆ ಗಾತ್ರ” ಎಂದು ಲೆಕ್ಕ ಹಾಕಲಾದೀತೇ? ಸಡಿಲವಾದ ನಿಂಬೆ ಗಾತ್ರದ ಉಂಡೆ ಸುಮಾರು 25–30 ಗ್ರಾಂ ಇದ್ದರೆ, ಅದುಮಿ ಕಟ್ಟಿದ ಉಂಡೆ 40 ಗ್ರಾಂ ಮೀರುತ್ತದೆ. ಓಡು, ನಾರು, ಬೀಜ ತೆಗೆಯದ ಹುಣಸೆಯಲ್ಲಿ ತಿರುಳಿನ ಪಾಲು ಅರ್ಧ, ಕೆಲವು ಮರಗಳಲ್ಲಿ ಅದಕ್ಕೂ ಕಡಿಮೆ. ಕೊಳ್ಳುವಾಗಲೂ ಬಳಸುವಾಗಲೂ ಬೀಜ ತೆಗೆದ ತೂಕವನ್ನೇ ಹಿಡಿಯಬೇಕು.

ಚಮಚದಲ್ಲಿ ಅಳೆಯಬಾರದ್ದು

ಸ್ಕ್ವಾಷ್ ಮಾಡುವವರು ಸಂರಕ್ಷಕವನ್ನು ಚಮಚದಲ್ಲಿ ಅಳೆಯುವುದು ಅಪಾಯಕರ. ಸ್ಕ್ವಾಷಿನಲ್ಲಿ ಗಂಧಕದ ಡೈ ಆಕ್ಸೈಡ್ ಹತ್ತು ಲಕ್ಷಕ್ಕೆ 350 ಭಾಗ, ಇಲ್ಲವೆ ಬೆಂಜೋಯಿಕ್ ಆಮ್ಲ 600 ಭಾಗ ಮೀರಬಾರದೆಂಬುದು 1955ರ ಹಣ್ಣಿನ ಉತ್ಪನ್ನಗಳ ಆದೇಶದ ಕಾಲದಿಂದ ಬಳಕೆಗೆ ಬಂದ ಮಿತಿ. ಇದಕ್ಕೆ ಒಂದು ಕಿಲೊ ಸ್ಕ್ವಾಷಿಗೆ ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಆದರೂ ಸೋಡಿಯಂ ಬೆಂಜೋಯೇಟ್ ಆದರೂ ಸುಮಾರು 0.7 ಗ್ರಾಂ ಸಾಕು. ಚಹಾ ಚಮಚದ ತುಂಬ ಹಾಕಿದರೆ ಅದರ ಹಲವು ಪಟ್ಟಾಗುತ್ತದೆ. ಇಷ್ಟು ಸಣ್ಣ ತೂಕವನ್ನು ಅಡಿಗೆಮನೆಯ ತಕ್ಕಡಿಯೂ ನಂಬಿಕೆಗೆ ತಕ್ಕಂತೆ ತೋರಿಸುವುದಿಲ್ಲ.

ಇಲ್ಲಿ ಮಾತ್ರ ತೂಕವನ್ನು ಮತ್ತೆ ಅಳತೆಗೆ ತಿರುಗಿಸಿಕೊಳ್ಳುವುದು ಜಾಣತನ. ಹತ್ತು ಗ್ರಾಂ ಪುಡಿಯನ್ನು ತೂಗಿ, ಕುದಿಸಿ ಆರಿಸಿದ ನೀರಿನಲ್ಲಿ ಕರಗಿಸಿ, ಒಟ್ಟು 100 ಮಿಲಿಲೀಟರ್ ಆಗುವಂತೆ ಮಾಡಿಕೊಳ್ಳಿರಿ. ಈ ದ್ರಾವಣದ 7 ಮಿಲಿಲೀಟರಿನಲ್ಲಿ 0.7 ಗ್ರಾಂ ಇರುತ್ತದೆ. ಔಷಧದ ಸೀಸೆಯ ಜೊತೆ ಬರುವ ಗೆರೆ ಹಾಕಿದ ಮುಚ್ಚಳ ಅಥವಾ ಸೂಜಿ ತೆಗೆದ ಹೊಸ ಸಿರಿಂಜು ಇದಕ್ಕೆ ಒದಗುತ್ತದೆ. ದ್ರಾವಣವನ್ನು ಅಂದಂದೇ ಮಾಡಿ ಅಂದೇ ಬಳಸಬೇಕು. ಮಕ್ಕಳ ಕೈಗೆ ಸಿಗಬಾರದು. ನೀಲಿ ದ್ರಾಕ್ಷಿ, ನೇರಳೆ, ಹಿಪ್ಪುನೇರಳೆಗಳ ಬಣ್ಣವನ್ನು ಮೆಟಾಬೈಸಲ್ಫೈಟ್ ಮಂಕಾಗಿಸುವುದರಿಂದ ಅವುಗಳಿಗೆ ಬೆಂಜೋಯೇಟನ್ನೇ ಬಳಸತಕ್ಕದ್ದು. ಮಾವು, ನಿಂಬೆಗೆ ಮೆಟಾಬೈಸಲ್ಫೈಟ್ ಸರಿ.

ಒಂದು ಉದಾಹರಣೆ: ದ್ರಾಕ್ಷಿ ರಸ ಒಂದು ಲೀಟರ್, ಸಕ್ಕರೆ 1,750 ಗ್ರಾಂ, ನೀರು ಒಂದು ಲೀಟರ್, ಸಿಟ್ರಿಕ್ ಆಮ್ಲ 30 ಗ್ರಾಂ. ಒಟ್ಟು ತೂಕ ಸುಮಾರು 3,850 ಗ್ರಾಂ. ಆದ್ದರಿಂದ ದ್ರಾವಣ 27 ಮಿಲಿಲೀಟರ್. ಇಷ್ಟು ಸ್ಕ್ವಾಷನ್ನು ಸೀಸೆಗೆ ತುಂಬಿದಾಗ ಮೂರು ಲೀಟರಿಗಿಂತ ಸ್ವಲ್ಪವೇ ಹೆಚ್ಚಾಗುವುದನ್ನು ಕಂಡು ಕೆಲವರು ಎಲ್ಲಿ ಸೋರಿತೆಂದು ಹುಡುಕುವುದುಂಟು. ಸೋರಿರುವುದಿಲ್ಲ. ಸಕ್ಕರೆ ಕರಗಿದಾಗ ತನ್ನ ತೂಕಕ್ಕೆ ತಕ್ಕಷ್ಟು ಜಾಗ ಹಿಡಿಯುವುದಿಲ್ಲ; ಇಂಥ ಸ್ಕ್ವಾಷಿನ ಒಂದು ಲೀಟರ್ ಸುಮಾರು 1,230 ಗ್ರಾಂ ತೂಗುತ್ತದೆ.

ಮಾರುಕಟ್ಟೆಯ ಅಳತೆ

ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆಯನ್ನು 15 ಕಿಲೊ ಕ್ರೇಟಿನ ಲೆಕ್ಕದಲ್ಲಿ ಹೇಳುತ್ತಾರೆ. ಕ್ರೇಟು ಪಾತ್ರೆ, 15 ಕಿಲೊ ತೂಕ. ಎರಡೂ ಸಮವೆಂದು ಒಪ್ಪಿಕೊಂಡು ವ್ಯಾಪಾರ ನಡೆಯುತ್ತದೆ. ಹಣ್ಣಿನ ಪಾಲು ಹತ್ತಕ್ಕೆ ಆರು ಎಂಬ ಮೇಲಿನ ಲೆಕ್ಕದಲ್ಲಿ 15 ಕಿಲೊ ಟೊಮೆಟೊ ಕೂರಲು ಸುಮಾರು 25 ಲೀಟರ್ ಜಾಗ ಬೇಕು. ಕ್ರೇಟಿನ ಬಾಯಿ ಮೀರಿ ರಾಶಿ ಏರುವಂತೆ ತುಂಬಿದರೆ ಪ್ರತಿ ಕ್ರೇಟಿಗೆ ಒಂದೆರಡು ಕಿಲೊ ಬೆಳೆಗಾರನ ಕೈಯಿಂದ ಹೋಗುತ್ತದೆ. ತೋಟದಲ್ಲಿ ತುಂಬುವಾಗ ಹತ್ತು ಕ್ರೇಟಿಗೊಂದನ್ನಾದರೂ ತೂಗಿ ನೋಡುವುದು ಹೆಚ್ಚಿನ ಶ್ರಮವಲ್ಲ.

ಮಾವಿನ ವಿಷಯದಲ್ಲಿ ಬೆಳೆಗಾರರು ತೂಕ ಮತ್ತು ಗಾತ್ರದ ಸಂಬಂಧವನ್ನು ಬಹಳ ಹಿಂದಿನಿಂದಲೂ ಬಲ್ಲರು. ಬಲಿತ ಕಾಯಿ ನೀರಿನಲ್ಲಿ ಮುಳುಗುತ್ತದೆ, ಎಳೆಯದು ತೇಲುತ್ತದೆ. ಒಂದೇ ಗಾತ್ರದ ಎರಡು ಕಾಯಿಗಳಲ್ಲಿ ಮುಳುಗಿದ್ದು ಹೆಚ್ಚು ತೂಗುತ್ತದೆ, ಅದರ ತಿರುಳಿನಲ್ಲಿ ಘನಾಂಶವೂ ಹೆಚ್ಚು.

ಈಗ ವಿದ್ಯುನ್ಮಾನ ತಕ್ಕಡಿಗಳು ಅಗ್ಗವಾಗಿ ದೊರೆಯುತ್ತವೆ. ತಯಾರಿಕೆಯ ಅಳತೆಗಳಿಗೆ ಐದು ಕಿಲೊ ತೂಗುವ, ಒಂದು ಗ್ರಾಂ ತೋರಿಸುವ ತಕ್ಕಡಿ ಸಾಕು. ಆದರೆ ಮಾರಾಟಕ್ಕಾಗಿ ತೂಗುವ ತಕ್ಕಡಿಗೆ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಂತೆ ಇಲಾಖೆಯ ಪರಿಶೀಲನೆ ಮತ್ತು ಮುದ್ರೆ ಅಗತ್ಯ. ತಕ್ಕಡಿ ಇಲ್ಲದವರು ಒಂದು ದಿನ ನೆರೆಮನೆಯಿಂದಲೋ ಹಾಲಿನ ಡೇರಿಯಿಂದಲೋ ಎರವಲು ತಂದು, ತಮ್ಮದೇ ಸೇರು, ತಮ್ಮದೇ ಹಣ್ಣು ಇಟ್ಟುಕೊಂಡು ಮೂರು ಸಲ ತೂಗಿ ಸರಾಸರಿ ಬರೆದುಕೊಳ್ಳಬಹುದು. ಮೂರು ಸಲವೂ ಒಂದೇ ಕೈ ತುಂಬಬೇಕು, ಬಾಯಿಮಟ್ಟಕ್ಕೆ ಸವರಬೇಕು, ಕುಲುಕಬಾರದು. ಹೀಗೆ ಸಿಕ್ಕ ಅಂಕಿ ಮೇಲಿನ ಪಟ್ಟಿಗಿಂತ ಬೇರೆಯಾದರೆ ಪಟ್ಟಿಯನ್ನು ಬಿಟ್ಟು ತಮ್ಮ ಅಂಕಿಯನ್ನೇ ನಂಬತಕ್ಕದ್ದು. ಸಂಘದವರು ಜಾಮಿನ ಚೀಟಿಯಲ್ಲಿ ನಿವ್ವಳ ತೂಕವನ್ನು ಗ್ರಾಮಿನಲ್ಲಿ, ಸ್ಕ್ವಾಷಿನ ಚೀಟಿಯಲ್ಲಿ ಪರಿಮಾಣವನ್ನು ಮಿಲಿಲೀಟರಿನಲ್ಲಿ ನಮೂದಿಸಬೇಕು. ಖಾಲಿ ಸೀಸೆಗಳ ತೂಕ ಒಂದರಂತೆ ಒಂದಿರುವುದಿಲ್ಲವಾದ್ದರಿಂದ ಪ್ರತಿ ಸೀಸೆಯನ್ನೂ ತುಂಬುವ ಮೊದಲು ತೂಗಿ ಗುರುತು ಹಾಕಿಕೊಳ್ಳುವುದು ಒಳ್ಳೆಯದು.